ಎದುರುಮನೆ ಅಕ್ಕನ ಮಾಳಿಗೆ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಮೊನ್ನೆ ಆದೋನಿಯ ತವರುಮನೆಯ ಅಟ್ಟ ಗುಡಿಸುವಾಗ ಎಣ್ಣೆ ಹೀರಿ ಕಪ್ಪಾದ ಒಂದು ಜೊತೆ ಕೋಲಾಟದ ಕೋಲು ಸಿಕ್ಕವು. ಮೂಸಿದರೆ ಇನ್ನೂ ಹತ್ತಿಬೀಜದ ಎಣ್ಣೆಯ ವಾಸನೆ. ಎದುರುಮನೆ ಅಕ್ಕ ಕೊಟ್ಟದ್ದೆಂದು ನನ್ನ ನೆನಪು. ಕೇಳದೆ ನಾನೇ ಎತ್ತಿಕೊಂಡು ಬಂದಿರಲೂಬಹುದು...

ಆಗ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಮದುವೆಯಾಗುತ್ತೇನೆಂದು ಎರಡು ವರ್ಷ ಹೇಳಿದ ಸಹಪಾಠಿ, ಇನ್ನೊಬ್ಬಳ ಜೊತೆಗಿನ ನಿಶ್ಚಿತಾರ್ಥದ ಫೋಟೊ ಹಾಕಿದ್ದ. ನನ್ನ ದಿನಚರಿಯಲ್ಲಿ ಆ ತಿಂಗಳ ಪುಟಗಳು ಖಾಲಿ. ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದೆ ಎಂದು ಮನೆಯವರು ಹೇಳುತ್ತಾರೆ.

ಅಕ್ಕನ ಗಂಡ ಅವಳನ್ನು ಬಿಟ್ಟು ಬೇರೆ ಸಂಸಾರ ಹೂಡಿ ಆರೇಳು ವರ್ಷವಾಗಿತ್ತು. ಹತ್ತಿ ಮಿಲ್ಲಿನಿಂದ ಬಂದವಳು, ತಲೆಯಲ್ಲಿ ಇನ್ನೂ ಅರಳೆಯ ಎಳೆಗಳಿರುವಾಗಲೇ, ತನ್ನ ಮಾಳಿಗೆಯ ಮೇಲೆ ಓಣಿಯ ಹುಡುಗಿಯರಿಗೆ ಕೋಲಾಟ ಕಲಿಸುತ್ತಿದ್ದಳು. ಹುಡುಗಿಯರನ್ನೆಲ್ಲ ತೆಲುಗಿನವರಂತೆ 'ಪಿಲ್ಲಾ' ಎಂದೇ ಕರೆಯುವವಳು, ಒಂದು ಸಂಜೆ ನನ್ನ ಕೋಣೆಗೇ ಬಂದಳು.

"ಏ ಪಿಲ್ಲಾ, ಜಲ್ದಿ ಏಳು. ಜೋಡಿಗೆ ಒಬ್ಬಾಕಿ ಕಮ್ಮಿ ಬಿದ್ದಾಳ."

"ನನಗ ಬರಂಗಿಲ್ಲಕ್ಕಾ."

"ಅಳಾಕ ಬರ್ತೈತಲ್ಲ, ಅದನ್ನ ಯಾರು ಕಲಿಸಿದ್ರು?"

ಮೊದಲ ಸುತ್ತಿನಲ್ಲೇ ಬೆರಳಿನ ಗೆಣ್ಣಿಗೆ ಪೆಟ್ಟು ಬಿತ್ತು. ನಿಂತು ಕೈ ನೋಡಿಕೊಂಡೆ. ನಾನು ನಿಂತದ್ದೇ ಸುತ್ತು ಕೆಟ್ಟು ಹುಡುಗಿಯರೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. "ಕೈ ಆಮ್ಯಾಲ ನೋಡ್ಕೊ, ಮುಂದಿನಾಕಿ ಕೋಲು ಎತ್ತಿ ನಿಂತಾಳ!" ಎಂದು ಅಕ್ಕ ಹಾಡುತ್ತಿದ್ದ ರಾಗದಲ್ಲೇ ಬೈದಳು. ನನಗೆ ನಗು ಬಂತು. ಎಷ್ಟು ದಿನದ ಮೇಲೆ... ಆಮೇಲೆ ದಿನಾ ಹೋದೆ. ಅವನ ನೆನಪಾದಾಗೆಲ್ಲ ಕೋಲು ಜೋರಾಗಿ ಬಡಿದೆ. ಹಸಿವಾಯಿತು, ನಿದ್ದೆ ಬಂತು.

ಮುಂದೆ ನನಗೆ ಬೇರೆ ಕಡೆ ಸಂಬಂಧ ಗೊತ್ತಾಯಿತು. ನಮ್ಮಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವಾಗ ಹಾಡುವವರು ಮುತ್ತೈದೆಯರು. ಅಕ್ಕನ ಕೊರಳಲ್ಲಿ ತಾಳಿಯಿತ್ತು. ಆದರೂ ಗಂಡ ಬಿಟ್ಟವಳೆಂದು ಅವಳನ್ನು ಕರೆದಿರಲಿಲ್ಲ. ಬಾಗಿಲ ಮುಂದಿನ ಹಂದರದಲ್ಲಿ ಮಣೆಯ ಮೇಲೆ ಕೂತು ಅವಳ ದಾರಿ ನೋಡಿದೆ. ಸೋಬಾನೆ ಎತ್ತಿಕೊಂಡವರು ಎರಡನೆಯ ನುಡಿಗೆ ತಡವರಿಸಿದರು. ಆಗ ಎದುರು ಮಾಳಿಗೆಯಿಂದ ಆ ನುಡಿ ಬಂತು, ಕೋಲಿನ ತಾಳದ ಸಮೇತ.

"ಆಕಿನ್ನ ಯಾರು ಕರದಾರ?" ಎಂದಳು ನಮ್ಮ ದೊಡ್ಡಮ್ಮ.

"ಮಾಳಿಗಿ ನಂದು, ಗಂಟಲು ನಂದು," ಮೇಲಿನಿಂದ ಅಕ್ಕ. "ನಿಮ್ಮ ಹಂದರದಾಗ ಬಂದೀನೇನ್ರಿ?"

ಕಡೆಯ ನುಡಿಯವರೆಗೂ ಹಾಡಿದಳು. ಹುಡುಗಿಯರನ್ನು ಕಟ್ಟಿಕೊಂಡು ಕುಣಿದಳು. ಆರತಿಯಾಗುವವರೆಗೆ ಮದುಮಗಳು ಮಣೆ ಬಿಟ್ಟು ಏಳಬಾರದು. ನಾನು ಎದ್ದೆ. ಅರಿಶಿನದ ಮೈಯಲ್ಲೇ ಕುಣಿದೆನೆಂದು ನನಗೆ ನೆನಪು. ಬರೀ ಎದ್ದು ನಿಂತೆ ಎನ್ನುತ್ತಾಳೆ ತಂಗಿ. ಕುಣಿದೆ ಎಂದೇ ಬರೆದಿಡುತ್ತೇನೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಸುದ್ದಿ ನನಗೆ ತಡವಾಗಿ ತಿಳಿಯಿತು. ಮಣ್ಣಿಗೂ ಹೋಗಲಾಗಲಿಲ್ಲ. ಅವಳ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಮೊನ್ನೆ ಅಡುಗೆಮನೆಯಲ್ಲಿ ಅವ್ವನನ್ನು ಕೇಳಿದೆ. ಅವಳು ಜೋಳ ಹಸನು ಮಾಡುತ್ತಲೇ ಇದ್ದಳು. ಇವತ್ತು ಮತ್ತೆ ಕೇಳಿದೆ:

"ಅವ್ವಾ, ಅಕ್ಕನ್ನ ಕರೀಬ್ಯಾಡ್ರಿ ಅಂದಾಕಿ ನೀನೇ ಏನು?"