ಲಿಯೋಪೋಲ್‌ನ ಸಡಿಲ ಪಟ್ಟಿ

ಕ್ವಿಬೆಕ್‌ನ ಬೆಟ್ಟಗಳಲ್ಲಿ ಹಿಮ ಬಿದ್ದೊಡನೆ ಗೆಳೆಯರ ದಂಡಿಗೆ ಲಿಯೋಪೋಲ್ ನಾಯಕನಾಗಿಬಿಡುತ್ತಾನೆ. ಆರಿಸಿದ್ದು ಯಾರೆಂದು ಯಾರಿಗೂ ಗೊತ್ತಿಲ್ಲ. ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲವಾದ ಹಿಮದ ಮೆಟ್ಟನ್ನು ಬಿಗಿಯುವ ವಿದ್ಯೆಯ ಬಗ್ಗೆ ಅರ್ಧ ಗಂಟೆ ಕೊರೆಯುತ್ತಾನೆ. ಮುಂದೆ ನಡೆದು, ಹೊಸ ಹಿಮ ತುಳಿದು ದಾರಿ ಮಾಡುವ ಸರದಿ ಬಂತೋ, ಮಹಾಶಯನ ಮೆಟ್ಟಿನ ಪಟ್ಟಿಯೇ ಸಡಿಲ! ದಾರಿಯುದ್ದಕ್ಕೂ ಇದೇ ಕಥೆ. “ನೀವು ನಡೀರಿ, ಬಂದೆ,” ಎಂದು ಹಿಂದೆಯೇ ಕೂತುಬಿಡುತ್ತಾನೆ. “ಇವನಿಗೋಸ್ಕರ ನಾನೂ ಕಾಯ್ಬೇಕು, ಕರ್ಮ!” ಎಂದು ಮುದುಕ ಗ್ಯಾಸ್ಪಾರ್ ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂರುತ್ತಾನೆ. “ಊರಿಗೆಲ್ಲ ಪಾಠ ಹೇಳ್ತೀಯ, ಒಂದು ಪಟ್ಟಿ ಬಿಗಿಯೋಕೆ ಬರಲ್ವೇನೋ?” ಎಂದು ಗೆಳತಿ ಒಡೆಟ್ ಹತ್ತು ಚಳಿಗಾಲಗಳಿಂದ ಹಂಗಿಸುತ್ತಿದ್ದಾಳೆ. ಈ ಭಾನುವಾರ ಗ್ಯಾಸ್ಪಾರ್ ಎದೆನೋವೆಂದು ಮನೆಯಲ್ಲೇ ಉಳಿದ. ಲಿಯೋಪೋಲ್ ಬೆಟ್ಟದ ತುದಿಯವರೆಗೂ ಒಬ್ಬನೇ ಮುಂದೆ ನಡೆದು ದಾರಿ ತುಳಿದ. ಪಟ್ಟಿ ಒಮ್ಮೆಯೂ ಸಡಿಲವಾಗಲಿಲ್ಲ. ಹಿಂದೆ ನಡೆಯುತ್ತಿದ್ದ ಒಡೆಟ್, ಗ್ಯಾಸ್ಪಾರ್ ಏದುಸಿರು ಬಿಡುತ್ತಾ ಕೂರುತ್ತಿದ್ದ ಜಾಗಗಳನ್ನು ಒಂದೊಂದಾಗಿ ಎಣಿಸುತ್ತಾ ಹತ್ತಿದಳು.