ಹರಿಣಿಯಕ್ಕನ ರವಿಕೆ

ದಹಿಸರ್ ಸ್ಟೇಷನ್ನಿನ ಪೂರ್ವಕ್ಕೆ, ಹಳೆಯ ಬಿಲ್ಡಿಂಗೊಂದರ ಮೆಟ್ಟಿಲ ಕೆಳಗೆ ನೀಲಾವತಿಯ ಹೊಲಿಗೆ ಅಂಗಡಿ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು. ಕೈ ಚೊಕ್ಕ, ಆದರೆ ಹೇಳಿದ ದಿನ ಬಟ್ಟೆ ಕೊಟ್ಟವಳಲ್ಲ. ಗಿರಾಕಿಗಳು ಬೈಯುತ್ತಲೇ ಬರುತ್ತಿದ್ದರು.

ಮಾರ್ಚ್‌ನಲ್ಲಿ ಎದುರಿನ ಬಿಲ್ಡಿಂಗಿನ ಹರಿಣಿ ರೇಷ್ಮೆ ರವಿಕೆ ಬಟ್ಟೆ ತಂದಳು. ಕ್ಯಾನ್ಸರ್‌ನಿಂದ ಎಡಗಡೆಯ ಮೊಲೆ ತೆಗೆಸಿ ಆರು ತಿಂಗಳಾಗಿತ್ತು. ಮೇ ಎಂಟಕ್ಕೆ ಮಗಳು ಶ್ರೇಯಾಳ ಮದುವೆ.

"ಒಳಗೆ ಹತ್ತಿ ತುಂಬಿಸಿ ಹೊಲಿ ನೀಲಾವತಿ. ಧಾರೆ ಎರೆಯುವಾಗ ಎಲ್ಲರೂ ನೋಡ್ತಾರೆ."

"ಅದಕ್ಕೆಂತ ಹರಿಣಿಯಕ್ಕ, ಮಾಡಿ ಕೊಡ್ತೇನೆ."

ಅಳತೆ ತೆಗೆಯುವಾಗ ಬಟ್ಟೆಯ ಮೇಲಿಂದಲೇ ಆ ಸಪಾಟು ಜಾಗ ಕೈಗೆ ಸಿಕ್ಕಿತು. ನೀಲಾವತಿಗೆ ಹೆದರಿಕೆಯಾಯಿತು. ಅಂಥದ್ದನ್ನು ಅವಳು ಹೊಲಿದೇ ಇರಲಿಲ್ಲ; ತಪ್ಪಿದರೆ ಎಂದು ದಿನಾ ಬೆಳಿಗ್ಗೆ ಬಟ್ಟೆ ತೆಗೆದು ನೋಡುವಳು, ಮತ್ತೆ ಮಡಚಿಟ್ಟು ಯಾರದೋ ಸೀರೆಗೆ ಫಾಲ್ ಹಚ್ಚಲು ಕೂರುವಳು. ಹರಿಣಿ ನಾಲ್ಕು ಸಲ ಬಂದಳು. ನಾಲ್ಕು ಸಲವೂ ನೀಲಾವತಿ "ನಾಳೆ" ಎಂದಳು. ಏಳನೇ ತಾರೀಕು ಅಂಗಡಿಯ ಶಟರನ್ನೇ ಎಳೆದು ಮನೆಯಲ್ಲಿ ಕೂತಳು.

ಮದುವೆಯಾಗಿ ವಾರಕ್ಕೆ ಶ್ರೇಯಾ ಬಂದಳು. ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ.

"ಮಮ್ಮಿ ಹಾಲ್‌ನ ರೂಮ್‌ನಿಂದ ಹೊರಗೆ ಬರ್ಲೇ ಇಲ್ಲ ಆಂಟಿ. ಬುಖಾರ್, ಜ್ವರ ಅಂತ ಹೇಳಿ ಶಾಲು ಹೊದ್ದು ಕೂತಿದ್ಳು. ಧಾರೆ ಚಿಕ್ಕಮ್ಮ ಎರೆದ್ರು."

ನೀಲಾವತಿ ಮಡಚಿಟ್ಟಿದ್ದ ರೇಷ್ಮೆ ಬಟ್ಟೆಯನ್ನು ತೆಗೆದು ಮೆಷಿನ್ ಮೇಲಿಟ್ಟಳು.

"ಈಗ ಹೊಲೀರಿ. ನಾನು ಇಲ್ಲೇ ಕೂತಿರ್ತೇನೆ."

ಶ್ರೇಯಾ ಸ್ಟೂಲ್ ಎಳೆದು ಕೂತು ಮೊಬೈಲಿನಲ್ಲಿ ಹೊತ್ತು ನೋಡಿಕೊಂಡಳು. ನೀಲಾವತಿ ಕತ್ತರಿಸಿದಳು, ಎಡಕ್ಕೆ ಚೀಲ ಮಾಡಿ ಹತ್ತಿ ತುಂಬಿದಳು, ಹುಕ್ಕು ಹಚ್ಚಿದಳು. ಚೆನ್ನಾಗಿಯೇ ಬಂತು.

"ಐವತ್ತು ನಿಮಿಷ," ಎಂದಳು ಶ್ರೇಯಾ. "ಬಸ್, ಇಷ್ಟೇ ಇತ್ತಾ?"

ರವಿಕೆಯನ್ನು ಮೆಷಿನ್ ಮೇಲೆಯೇ ಬಿಟ್ಟು ಎದ್ದಳು. "ನೀವೇ ಇಟ್ಕೊಳ್ಳಿ. ಮಮ್ಮಿಗೆ ಬೇಡ."

ಅಂದಿನಿಂದ ನೀಲಾವತಿ ಬೇರೆಯೇ ಆದಳು. ಬೆಳಿಗ್ಗೆ ಬಂದವಳೇ ಹೆದರಿಕೆ ಹುಟ್ಟಿಸುವ ಬಟ್ಟೆಯನ್ನೇ ಮೊದಲು ಕೈಗೆತ್ತಿಕೊಳ್ಳುವಳು. ಹೇಳಿದ ದಿನಕ್ಕೆ ಎಲ್ಲ ತಯಾರು. ಗಿರಾಕಿಗಳು ಹೆಚ್ಚಿದರು. ಇಷ್ಟು ವರ್ಷಕ್ಕೆ ಬುದ್ಧಿ ಬಂತು ನೋಡು ಎಂದು ಎದುರೇ ಹೊಗಳಿದರು.

ದೀಪಾವಳಿಯ ಹೊತ್ತಿಗೆ ಹರಿಣಿ ತರಕಾರಿ ಚೀಲ ಹಿಡಿದು ಹಾದುಹೋಗುತ್ತಿದ್ದಳು. ನೀಲಾವತಿ ರಸ್ತೆಗೇ ಇಳಿದಳು.

"ಹರಿಣಿಯಕ್ಕ, ಒಂದು ಬಟ್ಟೆ ಕೊಡಿ. ಸಂಜೆಯೊಳಗೆ ಹೊಲಿದು ಕೊಡ್ತೇನೆ, ದೇವರಾಣೆ."

ಹರಿಣಿ ಸೆರಗನ್ನು ಎಡಕ್ಕೆ ಎಳೆದುಕೊಂಡಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಯಾವುದಕ್ಕೆ ನೀಲಾವತಿ? ನನಗೆ ಇದ್ದದ್ದು ಒಬ್ಬಳೇ ಮಗಳಲ್ವಾ."

ಅವಳು ಹೋದಳು. ಒಳಗೆ ಗಿರಾಕಿ ಕಾಯುತ್ತಿದ್ದಳು. ನೀಲಾವತಿ ಬಂದು ಅವಳ ಅಳತೆ ತೆಗೆದು ಗುರುವಾರ ಬರಲು ಹೇಳಿದಳು. ಬುಧವಾರವೇ ಹೊಲಿದು ಮುಗಿಸಿದಳು.