ಇದು ಸೋಲೋ ಆಲ್ಬಂ ಅಂತೆ

'ಅಮ್ಮಾ, ಸೋಲೋ ಆಲ್ಬಂ ಮಾಡಾಕತ್ತೀನಿ' ಎಂದಳು ಮೊಮ್ಮಗಳು ರೇಣುಕಾ.

'ಸೋಲೋದು ಅಂತ ಮೊದ್ಲ ಗೊತ್ತಿದ್ರ ಯಾಕ ಮಾಡ್ತಿ ಬೇ?' ಎಂದೆ.

ನನಗೆ ಗೊತ್ತಿರುವ ಆಲ್ಬಂ ಎಂದರೆ ಮದುವೆ ಫೋಟೋದ್ದು. ಅದರಲ್ಲಿ ಸೋಲುವುದು ಏನು ಬಂತು? (ಸೋತವರು ಆ ಫೋಟೋಗಳಲ್ಲಿ ನಗುತ್ತಲೇ ನಿಂತಿರುತ್ತಾರೆ, ಆ ಮಾತು ಬೇರೆ.)

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. 'ಜೋಡಿ ಇಲ್ಲದ ಒಬ್ಬಾಕೀನಾ ಹಾಡಿದ್ರ ಅದಕ್ಕ ಸೋಲೋ ಅಂತಾರಮ್ಮಾ.'

ಜೋಡಿ ಎಂದರೆ ಭಾಗ್ಯ. ದೇವದುರ್ಗದ ಒಂದೇ ಓಣಿಯಲ್ಲಿ ಬೆಳೆದ ಹುಡುಗಿಯರು. ಕಾಲೇಜಿಗೆಂದು ರಾಯಚೂರಿಗೆ ಬಂದು ಇಬ್ಬರೂ ಹಿಪ್ ಹಾಪ್ ಹಚ್ಚಿಕೊಂಡರು. ಹಾಗೆಂದರೇನು ಅಂತ ನನ್ನನ್ನು ಕೇಳಬೇಡಿ. ನಳದ ಮುಂದಿನ ಜಗಳಕ್ಕೆ ತಾಳ ಹಾಕಿದರೆ ಹೇಗಿರುತ್ತದೆ? ಹಾಗಿರುತ್ತದೆ. ರೇಣುಕಾ ಕೆಣಕುವವಳು, ಭಾಗ್ಯ ಜವಾಬು ಕೊಡುವವಳು. ಮೊಬೈಲಿನಲ್ಲಿ ಕೇಳುವವರೆಲ್ಲ ಆ ಜವಾಬಿಗೇ ಕಾಯುತ್ತಿದ್ದರು.

ಹೋದ ವರ್ಷ ಭಾಗ್ಯಳನ್ನು ಮಾನ್ವಿಗೆ ಕೊಟ್ಟರು. ರೈಸ್ ಮಿಲ್ಲಿನ ಮನೆತನ. ಮದುವೆ ಊಟ ನಾನೂ ಉಂಡು ಬಂದೆ.

ಆಲ್ಬಮ್ಮಿನ ಹಾಡುಗಳನ್ನೆಲ್ಲ ರೇಣುಕಾ ಒಬ್ಬಳೇ ಮುಗಿಸಿದಳು. ಒಂದು ಉಳಿಯಿತು. ಇಬ್ಬರೂ ಕೂಡಿ ಕಟ್ಟಿದ್ದು. ಇವಳು 'ಯಾರಾಕಿ ಬೇ ನೀ?' ಎಂದು ಕೇಳಬೇಕು, ಭಾಗ್ಯ 'ನನ್ನಾಕಿ ನಾನಾ!' ಎಂದು ಒದರಬೇಕು, ನನ್ನವಳು ನಾನೇ ಅಂತ. ಅಷ್ಟೇ.

'ಅದನ್ನೂ ನೀನಾ ಅಂದುಬಿಡು' ಎಂದೆ.

'ಕೇಳಾಕಿನೂ ನಾನಾ, ಹೇಳಾಕಿನೂ ನಾನಾ ಆದ್ರ ಮಂದಿ ಹುಚ್ಚಿ ಅಂತಾರ.'

ಅದು ಖರೆ. ಸಿರವಾರದ ಕಡೆ ಭತ್ತ ನಾಟಿ ಮಾಡುವಾಗ ನಮ್ಮದೂ ಹೀಗೇ ಇತ್ತು. ಒಬ್ಬಳು ಹಾಡು ಎತ್ತಿದರೆ ಉಳಿದವರು ಸೊಲ್ಲು ಹಿಡಿಯಬೇಕು. ಹಿಡಿಯದಿದ್ದರೆ ಹಾಡು ಕೆಸರಿಗೆ ಬೀಳುತ್ತದೆ.

'ಮಾನ್ವಿಗೆ ಹೊಂಟೀನಿ, ನೀನೂ ಬಾರಮ್ಮಾ. ಹಿರೇರು ಬಂದ್ರ ಇಲ್ಲ ಅನ್ನಂಗಿಲ್ಲ' ಎಂದಳು. ಹೋದೆ. ಬಸ್ಸು ಕಲ್ಲೂರು ದಾಟುವವರೆಗೂ ಭಾಗ್ಯಳ ಅತ್ತೆಯ ಜೊತೆ ಆಡಬೇಕಾದ ಜಗಳವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಜಗಳದಲ್ಲಿ ನಾನು ಕಡಿಮೆಯವಳಲ್ಲ. ನಿಮಗೆ ಗೊತ್ತೇ ಇದೆ.

ಆದರೆ ಯಾರ ಜೊತೆ ಆಡುವುದು? 'ಬರ್ರಿ ಯಕ್ಕಾ, ಕುಂದರ್ರಿ, ಬಿಸಲಾಗ ಬಂದೀರಿ' ಎಂದು ಅತ್ತೆ ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ. ನಾನು ವಿಷಯ ಎತ್ತಿದೆ.

'ನಾವ್ಯಾಕ ಬ್ಯಾಡ ಅನ್ನೋಣ್ರೀ? ನನ್ನ ಮಗನೂ ಹಾಡು ಅಂತಾನ. ಆಕೀನಾ ಒಲ್ಲೆ ಅಂತಾಳ. ಕೇಳ್ರಿ ಬೇಕಾದ್ರ.'

ಭಾಗ್ಯ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. 'ಬಾಯಿಗೆ ಬರಂಗಿಲ್ಲ ರೇಣು. ಈಗ ಆ ಹಾಡು ಕೇಳಿದ್ರ ಯಾರೋ ಬ್ಯಾರೆ ಹುಡುಗಿ ಒದರಿದಂಗ ಅನಸ್ತದ.'

'ಒಂದಾ ಮಾತದ ಬೇ. ಇಲ್ಲೇ ನಿಂತು ಅಂದುಬಿಡು.' ರೇಣುಕಾ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದಳು. ಮೆಲ್ಲಗೆ ಕೇಳಿದಳು: 'ಯಾರಾಕಿ ಬೇ ನೀ?'

ಭಾಗ್ಯ ಉಸಿರು ಎಳೆದುಕೊಂಡಳು. ಬಾಯಿ ತೆರೆದಳು. ಮಾತು ಹಲ್ಲಿನವರೆಗೆ ಬಂದಿತ್ತು, ನಾನು ನೋಡಿದೆ.

'ನಮ್ಮಾಕಿ ಬಿಡವಾ!' ಎಂದಳು ಅತ್ತೆ, ಚಹಾದ ಕಪ್ಪು ಎತ್ತಿಕೊಳ್ಳುತ್ತಾ.

ಪ್ರೀತಿಯಿಂದಲೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಭಾಗ್ಯ ನಕ್ಕಳು. ಸೊಸೆಯ ಬೆನ್ನು ತಟ್ಟಿ ಅತ್ತೆಯೂ ನಕ್ಕಳು. ನಾನೂ ಹಲ್ಲು ಬಿಟ್ಟೆ, ಮತ್ತೇನು ಮಾಡಲಿ? ರೇಣುಕಾ ಮಾತ್ರ ಮೊಬೈಲು ಹಿಡಿದೇ ಕುಳಿತಿದ್ದಳು.

'ಇನ್ನೊಮ್ಮೆ ಯಾಕ ಕೇಳಲಿಲ್ಲ?' ಎಂದೆ ಬಸ್ಸಿನಲ್ಲಿ.

'ಭಾಗ್ಯ ನಕ್ಕಿದ್ದು ಕೇಳಿಲ್ಲೇನು ನೀ?' ಎಂದಳು. ರಾಯಚೂರು ಬರುವವರೆಗೂ ಆ ರೆಕಾರ್ಡಿಂಗನ್ನೇ ಮತ್ತೆ ಮತ್ತೆ ಕಿವಿಗೆ ಹಿಡಿದಳು.

ಈಗ ಆಲ್ಬಂ ಬಂದಿದೆ. ಆ ಹಾಡಿನಲ್ಲಿ ಅತ್ತೆಯ ದನಿಯನ್ನು ಹಾಗೇ ಇಟ್ಟಿದ್ದಾಳೆ. ಹಿಂದೆ ಭಾಗ್ಯಳ ನಗು. ನನಗಂತೂ ಅಂಗಳದಲ್ಲಿ ಹೆಣ ಇಟ್ಟಂತೆ ಕೇಳಿಸಿತು. ಉಳಿದವರಿಗೆ? ಕಾಮಿಡಿಯಂತೆ! ನಮ್ಮ ಓಣಿಯ ಹುಡುಗರು ಹೆಣ್ಣುಮಕ್ಕಳು ಎದುರಿಗೆ ಬಂದರೆ 'ನಮ್ಮಾಕಿ ಬಿಡವಾ' ಎಂದು ಚುಡಾಯಿಸುತ್ತಾರೆ. ಅತ್ತೆ ಕವಿತಾಳದ ಬೀಗರಿಗೂ ಫೋನ್ ಹಚ್ಚಿ ತನ್ನ ದನಿ ಕೇಳಿಸಿದಳಂತೆ. ಭಾಗ್ಯ ಮೊಬೈಲಿನಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದಳು, ಅಷ್ಟೇ. ಡಿಗ್ರಿ ಓದಿದ ಹುಡುಗಿ, ನನ್ನ ಹಾಗೆ ಹೆಬ್ಬೆಟ್ಟು ಒತ್ತಿದಳು.

ಗಂಡಸರ ಗೆಳೆತನ ಮದುವೆಯಾದ ಮೇಲೂ ಚಹಾದಂಗಡಿಯಲ್ಲಿ ಬದುಕಿರುತ್ತದೆ. ಹೆಣ್ಣುಮಕ್ಕಳದು ಸತ್ತರೆ ಅಳುವವರಿಲ್ಲ. ಅಕ್ಕಿಕಾಳು ಹಾಕಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬರುತ್ತೇವೆ.

ಈ ವಾರ ರೇಣುಕಾಳಿಗೂ ಗಂಡು ಬಂದಿದೆ. ಬಹಳ ಒಳ್ಳೆಯ ಜನ, ಹಾಡು ಬೇಡ ಅನ್ನುವವರೇ ಅಲ್ಲವಂತೆ. ಕೆಟ್ಟ ಜನರಾಗಿದ್ದರೆ ಒಲ್ಲೆ ಅನ್ನಬಹುದಿತ್ತು.

ಇವರಿಗೆ ಏನಂತ ಹೇಳುವುದು?